ಒಂದು ಜೀನ್ ಸೇರಿಸೋಕೆ ನಾಲ್ಕು ಪ್ಲಾಸ್ಮಿಡ್ ಯಾಕೆ?

ಪ್ರಶ್ನೆ: ಮನುಷ್ಯನ ಒಂದು ಜೀನನ್ನು ಲ್ಯಾಬಿನಲ್ಲಿ ಬೆಳೆಸಿದ ಕೋಶಗಳಿಗೆ ಸೇರಿಸಬೇಕು. ಕೋಶದೊಳಕ್ಕೆ ಜೀನ್ ಸಾಗಿಸುವ ಲೆಂಟಿವೈರಸ್ ಬಳಸಿ ಅಂದರು. ಆದರೆ ಜೀನ್ ಇರುವ ಪ್ಲಾಸ್ಮಿಡ್ (ಉಂಗುರದಂಥ ಡಿಎನ್‌ಎ ತುಂಡು) ಜೊತೆ ಇನ್ನೂ ಮೂರು ಬೇಕಂತೆ. ಎಲ್ಲವನ್ನೂ ಒಂದರಲ್ಲೇ ಇಡಬಾರದಾ?

ಇಟ್ಟರೆ ಅದು ಒಂದು ಕೋಶದಿಂದ ಇನ್ನೊಂದಕ್ಕೆ ತಾನಾಗಿಯೇ ಹರಡುವ ವೈರಸ್ ಆಗಿಬಿಡಬಹುದು. ಇದರ ಮೂಲ ಎಚ್‌ಐವಿ-1 ಅನ್ನೋದು ನೆನಪಿರಲಿ. ಅದಕ್ಕೇ ವೈರಸ್ಸನ್ನು ಬಿಡಿಬಿಡಿ ಮಾಡಿ ಇಟ್ಟಿದ್ದಾರೆ.

ಗುಟ್ಟು ಇರುವುದು ಸೈ ಎಂಬ ಗುರುತಿನಲ್ಲಿ. ವೈರಸ್ ಕಣ ಕಟ್ಟಿಕೊಳ್ಳುವಾಗ ಕೋಶದ ತುಂಬ ಬಗೆಬಗೆಯ ಆರ್‌ಎನ್‌ಎ ಇರುತ್ತದೆ. ಸೈ ಇರುವ ಆರ್‌ಎನ್‌ಎಯನ್ನೇ ಕಣ ಆರಿಸಿ ತುಂಬಿಕೊಳ್ಳುತ್ತದೆ. ಹೆಸರು ಗ್ರೀಕ್ ಅಕ್ಷರದ್ದು. ಆದರೂ 'ಒಳಗೆ ಬರಲು ಸೈ' ಅಂತ ನೆನಪಿಟ್ಟುಕೊಂಡರೆ ಮರೆಯಲ್ಲ. ಈ ಗುರುತು ನಿಮ್ಮ ಜೀನ್ ಇರುವ ಪ್ಲಾಸ್ಮಿಡ್‌ನಲ್ಲಿ ಮಾತ್ರ ಇದೆ. ಜೀನಿನ ಎರಡೂ ಬದಿಗೆ ಎಲ್‌ಟಿಆರ್ ಎಂಬ ತುದಿಗಳಿರುವುದೂ ಇದರಲ್ಲೇ.

ಉಳಿದ ಮೂರು ಬರೀ ಕೆಲಸದಾಳುಗಳು. ಗ್ಯಾಗ್-ಪೋಲ್ ಇರುವುದು ಕಣದ ಒಳಚಿಪ್ಪು ಮತ್ತು ಕಿಣ್ವಗಳನ್ನು ಕೊಡುತ್ತದೆ. ರೆವ್, ವೈರಸ್ಸಿನ ಆರ್‌ಎನ್‌ಎಯನ್ನು ಕತ್ತರಿಸದೆ ಇಡಿಯಾಗಿ ನ್ಯೂಕ್ಲಿಯಸ್‌ನಿಂದ ಹೊರಗೆ ಸಾಗಿಸುತ್ತದೆ. ನಾಲ್ಕನೆಯದು ವಿಎಸ್‌ವಿ-ಜಿ, ಬೇರೊಂದು ವೈರಸ್ಸಿನಿಂದ ಎರವಲು ತಂದ ಹೊದಿಕೆ. ಎಚ್‌ಐವಿಯ ಸ್ವಂತ ಹೊದಿಕೆ, ಕೆಲವು ರೋಗನಿರೋಧಕ ಕೋಶಗಳ ಮೇಲಿರುವ ಸಿಡಿ4 ಎಂಬ ಪ್ರೋಟೀನ್ ಇರುವ ಕೋಶಗಳನ್ನೇ ಹುಡುಕುತ್ತದೆ. ಇದಕ್ಕೆ ಆ ಹಟ ಇಲ್ಲ, ಹೆಚ್ಚುಕಡಿಮೆ ಎಲ್ಲ ಸಸ್ತನಿ ಕೋಶಗಳಿಗೂ ಅಂಟಿಕೊಳ್ಳುತ್ತದೆ.

ನಾಲ್ಕನ್ನೂ ಒಟ್ಟಿಗೆ ಎಚ್‌ಇಕೆ293ಟಿ ಎಂಬ, ಲ್ಯಾಬಿನಲ್ಲಿ ಬೆಳೆಸುವ ಮನುಷ್ಯ ಕೋಶಗಳಿಗೆ ಹಾಕಿ, ಎರಡು ಮೂರು ದಿನ ಬಿಟ್ಟು ಮೇಲಿನ ದ್ರವ ತೆಗೆದರೆ ಅದರಲ್ಲಿ ವೈರಸ್ ಸಿಗುತ್ತದೆ. ಅದು ಹೊಸ ಕೋಶಕ್ಕೆ ಹೊಕ್ಕಾಗ ಜೊತೆಗೆ ಹೋಗುವುದು ನಿಮ್ಮ ಜೀನ್ ಮಾತ್ರ. ಗ್ಯಾಗ್-ಪೋಲ್ ಜೀನಾಗಲಿ ಹೊದಿಕೆಯ ಜೀನಾಗಲಿ ಹೋಗಲ್ಲ, ಹಾಗಾಗಿ ಅಲ್ಲಿ ಹೊಸ ಕಣ ಹುಟ್ಟಲ್ಲ. ಇಷ್ಟೂ ಸಾಲದು ಅಂತ ಬಲಗಡೆಯ ಎಲ್‌ಟಿಆರ್‌ನಿಂದ ಜೀನ್ ಚಾಲೂ ಮಾಡುವ ಒಂದು ತುಂಡನ್ನೂ ಕಿತ್ತಿರುತ್ತಾರೆ. ಹೊಸ ಕೋಶದಲ್ಲಿ ಆರ್‌ಎನ್‌ಎ ಡಿಎನ್‌ಎ ಆಗುವಾಗ ಈ ಕೊರತೆ ಎಡಗಡೆಗೂ ನಕಲಾಗುತ್ತದೆ. ಆಮೇಲೆ ಎಲ್‌ಟಿಆರ್ ಸುಮ್ನೆ ಕೂರುತ್ತದೆ, ಜೀನ್ ನಡೆಸುವ ಕೆಲಸ ನೀವಿಟ್ಟ ಪ್ರೊಮೋಟರ್ ಎಂಬ ಸ್ವಿಚ್ಚಿನದು. ನಾಲ್ಕು ಪ್ಲಾಸ್ಮಿಡ್‌ಗಳ ಈ ಮೂರನೇ ತಲೆಮಾರು 1998ರದು. ಮೂರೇ ಪ್ಲಾಸ್ಮಿಡ್‌ಗಳ ಎರಡನೇ ತಲೆಮಾರು ಈಗಲೂ ಬಳಕೆಯಲ್ಲಿದೆ, ಆದರೆ ಅದಕ್ಕೆ ಟ್ಯಾಟ್ ಎಂಬ ವೈರಸ್ ಪ್ರೋಟೀನ್ ಬೇಕು.

ಹೊಸಬರು ಜಾಸ್ತಿ ಎಡವುವುದು ಇನ್ನೊಂದು ಕಡೆ. ಎಡ ಎಲ್‌ಟಿಆರ್‌ನಿಂದ ಬಲ ಎಲ್‌ಟಿಆರ್‌ವರೆಗೆ ಒಂದೇ ಉದ್ದನೆಯ ಆರ್‌ಎನ್‌ಎ ಆಗಬೇಕು ಅಲ್ವಾ? ನೀವು ಜೀನಿನ ಜೊತೆ ಅದರ ಪಾಲಿ-ಎ ಸಂಕೇತವನ್ನೂ ('ಆರ್‌ಎನ್‌ಎ ಇಲ್ಲಿಗೆ ಮುಗಿಯಿತು' ಅನ್ನುವ ಗುರುತು) ಸೇರಿಸಿದರೆ ಆರ್‌ಎನ್‌ಎ ಅಲ್ಲೇ ತುಂಡಾಗುತ್ತದೆ, ವೈರಸ್ ಇಳುವರಿ ಬಿದ್ದುಹೋಗುತ್ತದೆ. ಆದ್ದರಿಂದ ಪ್ರೋಟೀನ್ ಬರೆಯುವ ಭಾಗವನ್ನಷ್ಟೇ, ಇಂಟ್ರಾನ್ (ಪ್ರೋಟೀನ್ ಬರೆಯದ ನಡುವಿನ ತುಂಡು) ಇಲ್ಲದ ಸಿಡಿಎನ್‌ಎ ರೂಪದಲ್ಲಿ ಹಾಕಿ. ಉದ್ದವನ್ನೂ ನೋಡಿಕೊಳ್ಳಿ. ಎಚ್‌ಐವಿಯ ಇಡೀ ಜೀನೋಮೇ ಸುಮಾರು 9,700 ಅಕ್ಷರ. ಅದನ್ನು ಮೀರಿದಷ್ಟೂ ಇಳುವರಿ ಕುಸಿಯುತ್ತದೆ. ಸ್ನಾಯುಗಳಿಗೆ ಬೇಕಾದ ಡಿಸ್ಟ್ರೋಫಿನ್ ಜೀನಿನ ಪ್ರೋಟೀನ್ ಭಾಗವೇ ಸುಮಾರು 11,000 ಅಕ್ಷರ, ಅದರ ಆಸೆ ಬಿಡಿ.

ಒಂದು ಎಚ್ಚರಿಕೆ. ಈ ವೈರಸ್ ಹರಡಲ್ಲ ನಿಜ, ಆದರೆ ಸೂಜಿ ಚುಚ್ಚಿಕೊಂಡರೆ ನಿಮ್ಮ ಕೋಶಕ್ಕೂ ಒಮ್ಮೆ ಹೊಕ್ಕು ಜೀನನ್ನು ಡಿಎನ್‌ಎಯಲ್ಲಿ ಕಾಯಂ ಸೇರಿಸಬಲ್ಲದು. ನೀವು ಹಾಕಿದ್ದು ಕ್ಯಾನ್ಸರಿಗೆ ಸಂಬಂಧಿಸಿದ ಜೀನ್ ಆಗಿದ್ದರೆ ಸೂಜಿ, ಗಾಜು ಎರಡನ್ನೂ ಆ ಬೆಂಚಿನಿಂದ ದೂರ ಇಡಿ.