ತುಟಿ ನೋಡಿ ಮಾತು ಹಿಡಿದವರು: ಟಿ. ಎನ್. ಬಾಲಕೃಷ್ಣ ಕುರಿತು ನನ್ನ ಟಿಪ್ಪಣಿ

ಮೊನ್ನೆಯ ಕಿರುಪರೀಕ್ಷೆಯಲ್ಲಿ ಟಿ. ಎನ್. ಬಾಲಕೃಷ್ಣ ಅವರ ಬಗ್ಗೆ ಟಿಪ್ಪಣಿ ಕೇಳಿದ್ದರು. ‘ಕನ್ನಡದ ಪ್ರಸಿದ್ಧ ಹಾಸ್ಯನಟ’ ಎಂದು ಆರಂಭಿಸಿದೆ. ಮೇಷ್ಟ್ರು ‘ಹಾಸ್ಯ’ ಎಂಬುದರ ಮೇಲೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಹಿಂದಿರುಗಿಸಿದರು. ಐದಕ್ಕೆ ಎರಡು. ನನ್ನಂತೆಯೇ ಎರಡು ತೆಗೆದುಕೊಂಡವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮ ತಲೆಯಲ್ಲಿ ನಾಲ್ಕು ಗೂಡುಗಳಿವೆ: ನಾಯಕ, ಖಳ, ಹಾಸ್ಯ, ಪೋಷಕ. ನರಸಿಂಹರಾಜು ಅವರನ್ನು ಕಣ್ಣು ಮುಚ್ಚಿ ಮೂರನೆಯದರಲ್ಲಿ ಇಡುತ್ತೇವೆ. ಕೆ. ಎಸ್. ಅಶ್ವಥ್ ನಾಲ್ಕನೆಯದಕ್ಕೆ. (ಅಶ್ವಥ್ ಹುಟ್ಟಿದ್ದು 1925ರಲ್ಲಿ, ರಾಜಕುಮಾರ್ 1929ರಲ್ಲಿ. ನಾಲ್ಕೇ ವರ್ಷದ ಅಂತರ. ಆದರೂ ಒಬ್ಬರು ತಂದೆ, ಇನ್ನೊಬ್ಬರು ಮಗನಾಗಿ ತೆರೆಯ ಮೇಲೆ ಬಂದರೆ ಯಾರಿಗೂ ಅನುಮಾನ ಬರುತ್ತಿರಲಿಲ್ಲ.) ಬಾಲಕೃಷ್ಣ ಮಾತ್ರ ಯಾವ ಗೂಡಿಗೂ ಸಲ್ಲುವುದಿಲ್ಲ. ನಗಿಸುತ್ತ ನಗಿಸುತ್ತಲೇ ಪಕ್ಕದವನ ಮನೆಗೆ ಬೆಂಕಿ ಇಡುವ ಕುಹಕಿ ಅವರ ಕೈಯಲ್ಲಿ ಸಲೀಸು. 1972ರ ‘ಬಂಗಾರದ ಮನುಷ್ಯ’ದಲ್ಲಿ ಅದೇ ಮುಖ, ಅದೇ ಕಂಠ ರಾಚೂಟಪ್ಪನಾಗಿ, ನಾಯಕ ರಾಜೀವನ ಬೆನ್ನಿಗೆ ನಿಲ್ಲುವ ಹಳ್ಳಿಯ ಹಿರಿಯನಾಗಿ ಬರುತ್ತದೆ. ಪಾತ್ರ ಕೆಟ್ಟದ್ದೋ ಒಳ್ಳೆಯದೋ ಎಂದು ಮುಖ ನೋಡಿ ಹೇಳಲಾಗದು, ಕಥೆ ಮುಂದುವರಿಯಬೇಕು. ಉತ್ತರಪತ್ರಿಕೆಯಲ್ಲಿ ‘ಪೋಷಕ ನಟ’ ಎಂದೇ ಬರೆಯಿರಿ, ಅದು ಪಠ್ಯದ ಪದ. ಆದರೆ ಮುಂದಿನ ವಾಕ್ಯದಲ್ಲೇ ಹಾಸ್ಯ ಮತ್ತು ಖಳ ಎರಡನ್ನೂ ಒಂದೇ ಪಾತ್ರದೊಳಗೆ ಕೂಡಿಸಿದವರು ಎಂದು ಸೇರಿಸಿ. ಆ ವಾಕ್ಯಕ್ಕೇ ಅಂಕ.

ಜೀವನದ ವಿವರ ಬೇಗ ಮುಗಿಸುತ್ತೇನೆ. ಹಾಸನ ಜಿಲ್ಲೆಯ ಅರಸೀಕೆರೆಯವರು. ಬಾಲ್ಯದಿಂದಲೇ ಶ್ರವಣದೋಷ. ವೃತ್ತಿ ನಾಟಕ ಕಂಪನಿಗಳಲ್ಲಿ ಪಳಗಿದವರು. 1943ರಲ್ಲಿ ಎಂ. ವಿ. ರಾಜಮ್ಮ ನಿರ್ಮಿಸಿದ ‘ರಾಧಾರಮಣ’ದ ಮೂಲಕ ಸಿನಿಮಾಕ್ಕೆ ಬಂದರು, ಜಿ. ವಿ. ಅಯ್ಯರ್ ಅವರಿಗೂ ಅದೇ ಮೊದಲ ಚಿತ್ರ. ಐನೂರಕ್ಕೂ ಹೆಚ್ಚು ಚಿತ್ರಗಳು. 1995ರಲ್ಲಿ ನಿಧನ.

ಈಗ ನಾನು ಮುಗ್ಗರಿಸಿದ ಜಾಗ. ಕಿವಿ ಕೇಳದವರು ಎದುರಿನವರ ತುಟಿ ಚಲನೆ ನೋಡಿ ಸಂಭಾಷಣೆ ಹೇಳುತ್ತಿದ್ದರು ಎಂದು ಎಲ್ಲರೂ ಬರೆಯುತ್ತಾರೆ, ನಾನೂ ಬರೆದಿದ್ದೆ. ಬರೆಯುವುದು ಸುಲಭ. ಹೇಗೆ ಎಂದು ಯೋಚಿಸಿದರೆ ತಲೆ ಕೆಡುತ್ತದೆ.

ಕನ್ನಡಿಯ ಮುಂದೆ ನಿಂತು, ಧ್ವನಿ ಹೊರಡಿಸದೆ ‘ಮರ’ ಎನ್ನಿ. ಆಮೇಲೆ ‘ಬರ’. ಆಮೇಲೆ ‘ಪರ’. ಮೂರೂ ಒಂದೇ! ಪ, ಬ, ಮ ಮೂರಕ್ಕೂ ತುಟಿಗಳು ಕೂಡಿ ಬಿಡಿಸಿಕೊಳ್ಳುತ್ತವೆ. ಪ ಮತ್ತು ಬ ನಡುವಿನ ವ್ಯತ್ಯಾಸ ಗಂಟಲಿನ ಕಂಪನದಲ್ಲಿದೆ, ಮ ಮೂಗಿನಲ್ಲಿದೆ. ಎರಡೂ ಕಣ್ಣಿಗೆ ಕಾಣುವುದಿಲ್ಲ. ಇನ್ನು ಕ ವರ್ಗದ್ದು ಇದಕ್ಕಿಂತ ಕಷ್ಟ. ‘ಕಂಡ’, ‘ಗಂಡ’ ಎಂದು ನೋಡಿ. ಕೆಲಸವೆಲ್ಲ ನಾಲಿಗೆಯ ಬುಡದಲ್ಲಿ, ತುಟಿ ಅಲುಗುವುದೇ ಇಲ್ಲ. ಒಂದನೆಯ ತರಗತಿಯಲ್ಲಿ ಬಾಯಿಪಾಠ ಮಾಡಿದ ವರ್ಗಗಳ ಪಟ್ಟಿ ನಟನೆಗೆ ಬೇಕಾಗುತ್ತದೆ ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಪ ವರ್ಗ ಕಾಣುತ್ತದೆ ಆದರೆ ಒಳಗೊಳಗೇ ಬೆರೆತುಹೋಗುತ್ತದೆ, ಕ ವರ್ಗ ಕಾಣುವುದೇ ಇಲ್ಲ. ಅಂದರೆ ಬರೀ ತುಟಿಯಿಂದ ಸಿಗುವುದು ಅರ್ಧ ಮಾತು. ಉಳಿದರ್ಧ ನಟನ ತಲೆಯಲ್ಲಿ ಮೊದಲೇ ಇರಬೇಕು. ತನ್ನ ಮಾತಿನ ಜೊತೆಗೆ ಎದುರಿನವನ ಮಾತೂ, ಅದರಾಚೆಯವನ ಮಾತೂ ಕಂಠಪಾಠವಾಗಿರಬೇಕು.

ಇಷ್ಟು ತಿಳಿದಮೇಲೆ ನಾನು ಮತ್ತು ನನ್ನ ಜೊತೆಗಾರ ಒಂದು ಪ್ರಯೋಗಕ್ಕೆ ಇಳಿದೆವು. ನನ್ನ ಕಿವಿಗೆ ಹತ್ತಿ, ಮೇಲೆ ಮಫ್ಲರ್. ದೃಶ್ಯ ಸಾದಾ: ಸಾಲ ಕೊಟ್ಟವನು ನಾನು, ತೀರಿಸಬೇಕಾದವನು ಅವನು. ಅವನ ಮಾತು: ‘ನಾಳೆ ಬೆಳಿಗ್ಗೆ ತಂದು ಕೊಡುತ್ತೇನೆ, ದೇವರಾಣೆಗೂ.’ ನನ್ನದು: ‘ಯಾವ ನಾಳೆ?’ ಮೊದಲ ಸಲ ಅವನು ‘ಕೊಡುತ್ತೇನೆ’ ಎಂದು ಒಂದು ಉಸಿರು ನಿಂತ. ನಾನು ಮುಗಿಯಿತೆಂದು ‘ಯಾವ ನಾಳೆ?’ ಎಂದೆ. ಅವನ ದೇವರಾಣೆ ನನ್ನ ಮಾತಿನ ಕೆಳಗೆ ಸಿಕ್ಕಿ ಅಪ್ಪಚ್ಚಿಯಾಯಿತು. ಎರಡನೆಯ ಸಲವೂ ಅಷ್ಟೇ.

ಯಾಕೆಂದು ಕೂತು ಬಿಡಿಸಿದೆವು. ಕನ್ನಡದ ಮಾತು ಸ್ವರದಲ್ಲಿ ಮುಗಿಯುತ್ತದೆ. ಕೊಡುತ್ತೇನೆ, ಬರುತ್ತಾಳೆ, ಹೋಗೋಣ, ಬೇಡ... ಕೊನೆಗೆ ಬಾಯಿ ತೆರೆದೇ ಇರುತ್ತದೆ. ತುಟಿ ಮುಚ್ಚಿಕೊಂಡು ‘ಇಲ್ಲಿಗೆ ನನ್ನದಾಯಿತು’ ಎಂದು ಹೇಳುವ ವ್ಯವಸ್ಥೆಯೇ ಇಲ್ಲ. ಹಾಗಾಗಿ ನಿಂತ ಬಾಯಿ ಮುಗಿದ ಬಾಯಿಯಂತೆಯೇ ಕಾಣುತ್ತದೆ. ನನ್ನನ್ನು ಬಚಾವು ಮಾಡಿದ್ದು ‘ದೇವರಾಣೆಗೂ’ ಎಂಬಲ್ಲಿನ ಕೊನೆಯ ಊ. ಆಗ ತುಟಿ ದುಂಡಗಾಗುತ್ತದೆ. ಆ ದುಂಡಗೆ ಕಾಣುವವರೆಗೆ ಕಾಯುತ್ತೇನೆ ಎಂದು ಗುರುತು ಹಾಕಿಕೊಂಡೆ, ಮೂರನೆಯ ಸಲ ಸರಿಹೋಯಿತು. ನನ್ನ ಪುಸ್ತಕದಲ್ಲಿ ಈಗ ಪ್ರತಿ ದೃಶ್ಯದ ಅಂಚಿನಲ್ಲಿ ‘ದುಂಡು’, ‘ಅಗಲ’, ‘ಕೂಡು’ ಎಂದು ಪೆನ್ಸಿಲ್ ಗುರುತುಗಳಿವೆ. ಕಿವಿ ಚೆನ್ನಾಗಿ ಕೇಳುವವರಿಗೂ ಇದು ಲಾಭ, ಮಾಡಿ ನೋಡಿ. ಎದುರಿನವರ ಮುಖವನ್ನು ನಾನು ಇಷ್ಟು ನೋಡಿಯೇ ಇರಲಿಲ್ಲ.

ಸಮಸ್ಯೆ ಅಲ್ಲಿಗೆ ಮುಗಿಯಲಿಲ್ಲ. ಕಂಪನಿ ನಾಟಕದಲ್ಲಿ ನಟರು ಒಬ್ಬರನ್ನೊಬ್ಬರು ನೋಡಿ ಎಷ್ಟು ಮಾತಾಡುತ್ತಾರೆ? ಮುಖ ಜನರ ಕಡೆ, ಮೇಲಿಂದ ಇಳಿಬಿಟ್ಟ ಮೈಕಿನ ಕಡೆ. ಪಕ್ಕದಿಂದ ಅರ್ಧ ತುಟಿ ಕಂಡರೆ ಪುಣ್ಯ. ಮಾತು ಮರೆತರೆ ಪರದೆಯ ಮರೆಯಿಂದ ಪಿಸುಗುಟ್ಟುವವನಿದ್ದರೂ ಕಿವುಡನಿಗೆ ಅವನಿಂದ ಏನು ಪ್ರಯೋಜನ? ಹಾಗಾದರೆ ಬಾಲಕೃಷ್ಣ ಹೆಗಲು ಏರಿಳಿಯುವುದನ್ನು, ಉಸಿರು ತುಂಬಿಕೊಳ್ಳುವುದನ್ನು, ಕೈ ಕೆಳಗಿಳಿಯುವುದನ್ನು ಲೆಕ್ಕ ಹಿಡಿಯುತ್ತಿದ್ದಿರಬೇಕು. ಇದು ನನ್ನ ಊಹೆ, ಪರೀಕ್ಷೆಯಲ್ಲಿ ಬರೆಯಬೇಡಿ. ಅವರ ಪಾತ್ರಗಳು ಎದುರಿನವನನ್ನು ಸದಾ ಅಳೆಯುತ್ತಿರುವಂತೆ, ಅವನ ಜೇಬಿನಲ್ಲಿ ಎಷ್ಟಿದೆಯೆಂದು ಕಣ್ಣಲ್ಲೇ ಎಣಿಸುತ್ತಿರುವಂತೆ ಕಾಣುತ್ತವಲ್ಲ, ಅದಕ್ಕೂ ಇದಕ್ಕೂ ನಂಟಿದೆ ಎಂದು ನನಗೆ ಅನ್ನಿಸುತ್ತದೆ. ಕುಹಕಿಗೆ ಬೇಕಾದ ನೋಟವೂ ಕಿವುಡನಿಗೆ ಬೇಕಾದ ನೋಟವೂ ಒಂದೇ ಆಗಿಬಿಟ್ಟಿತೇನೋ.

ಎರಡು ಅಂಶಗಳು ಉಳಿದಿವೆ, ಎರಡೂ ಪ್ರಶ್ನೆಗೆ ಬರುತ್ತವೆ. ಮೊದಲನೆಯದು ಕನ್ನಡ ಚಲನಚಿತ್ರ ಕಲಾವಿದರ ಸಂಘ. ಚಿತ್ರಗಳ ಸಂಖ್ಯೆ ಕಡಿಮೆಯಿದ್ದು ಕಲಾವಿದರಿಗೆ ಕೆಲಸವಿಲ್ಲದ ಹೊತ್ತಿನಲ್ಲಿ ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ. ವಿ. ಅಯ್ಯರ್ ಸೇರಿ ಕಟ್ಟಿದ್ದು. ಊರೂರು ಸುತ್ತಿ ನಾಟಕವಾಡಿದರು, 1960ರಲ್ಲಿ ‘ರಣಧೀರ ಕಂಠೀರವ’ ತೆಗೆದರು. ರಂಗದಿಂದ ತೆರೆಗೆ ಹೋದವರು ಹಿಂತಿರುಗುವುದಿಲ್ಲ ಎಂದು ಬರೆಯುವವರಿಗೆ ಇದೇ ಉತ್ತರ.

ಎರಡನೆಯದು ಅಭಿಮಾನ್ ಸ್ಟುಡಿಯೋ. ಆಗ ಕನ್ನಡ ಚಿತ್ರಗಳ ಚಿತ್ರೀಕರಣ ಹೆಚ್ಚಾಗಿ ಮದರಾಸಿನಲ್ಲಿ. ನಮ್ಮ ನೆಲದಲ್ಲೇ ಒಂದು ಸ್ಟುಡಿಯೋ ಇರಲಿ ಎಂದು ಬೆಂಗಳೂರಿನ ಕೆಂಗೇರಿ ಬಳಿ ಸರ್ಕಾರ ಕೊಟ್ಟ 20 ಎಕರೆಯಲ್ಲಿ ಬಾಲಕೃಷ್ಣ ಕಟ್ಟಲು ಹೊರಟರು. ನಾಯಕನಲ್ಲದ ನಟನ ಸಂಪಾದನೆಯಲ್ಲಿ ಸ್ಟುಡಿಯೋ ಕಟ್ಟುವುದೆಂದರೆ ಹುಡುಗಾಟವಲ್ಲ. ಅದು ಅವರನ್ನು ಕೊನೆಯವರೆಗೂ ಹಿಂಡಿತು. 2009ರ ಡಿಸೆಂಬರಿನಲ್ಲಿ ವಿಷ್ಣುವರ್ಧನ್ ಅವರ ಅಂತ್ಯಸಂಸ್ಕಾರ ಅಲ್ಲಿಯೇ ನಡೆದದ್ದರಿಂದ ಇಂದು ಆ ಹೆಸರು ಎಲ್ಲರ ಬಾಯಲ್ಲಿದೆ, ಕಟ್ಟಿದವರು ಯಾರೆಂದು ಕೇಳಿದರೆ ಮಾತ್ರ ನಮ್ಮ ತರಗತಿಯಲ್ಲಿ ಮೂವರಷ್ಟೇ ಕೈ ಎತ್ತಿದರು. ನಾನು ಎತ್ತಿರಲಿಲ್ಲ.

ಓದುವುದೆಲ್ಲ ಮುಗಿದಮೇಲೆ ಒಂದು ಕೆಲಸ ಮಾಡಿ. ‘ಬಂಗಾರದ ಮನುಷ್ಯ’ ಹಾಕಿ, ರಾಚೂಟಪ್ಪ ಬಂದಾಗ ಧ್ವನಿ ನಿಲ್ಲಿಸಿ. ಅವರು ಮಾತಾಡುವಾಗ ನೋಡಬೇಡಿ, ಇನ್ನೊಬ್ಬರು ಮಾತಾಡುವಾಗ ಅವರ ಕಣ್ಣು ಎಲ್ಲಿದೆ ಎಂದು ನೋಡಿ.