ಬದಲಾದ ದೇಹಕ್ಕೆ ಎಂಥ ಪ್ಯಾರಾಚೂಟ್?

ಹಲವು ವರ್ಷಗಳಿಂದ ವಿಮಾನದಿಂದ ಜಿಗಿಯುತ್ತ ಬಂದವರ ಬೆನ್ನಿನ ಚೀಲ ಕ್ರಮೇಣ ಚಿಕ್ಕದಾಗುತ್ತ ಹೋಗುತ್ತದೆ. ಕಲಿಯುವ ದಿನಗಳಲ್ಲಿ 250 ಚದರ ಅಡಿಯ ಆಸುಪಾಸಿನ ದೊಡ್ಡ ಪ್ಯಾರಾಚೂಟ್, ಅನುಭವ ಬಂದಂತೆ 190, ಆಮೇಲೆ 170, 150, ಕೆಲವರಿಗೆ ಅದಕ್ಕಿಂತಲೂ ಸಣ್ಣದು. ಸ್ಕೈಡೈವಿಂಗ್ ಬಲ್ಲವರ ನಡುವೆ ಇದು ತರಗತಿಯಿಂದ ತರಗತಿಗೆ ತೇರ್ಗಡೆಯಾದಂತೆ. ಆದರೆ ಅದೇ ಅವಧಿಯಲ್ಲಿ ದೇಹ ಇನ್ನೊಂದು ದಿಕ್ಕಿಗೆ ಸಾಗಿರುತ್ತದೆ. ಮಂಡಿಯ ಮೃದ್ವಸ್ಥಿ ಸವೆದಿರುತ್ತದೆ, ಕತ್ತಿನ ಮೂಳೆಗಳ ನಡುವಿನ ಮೆತ್ತೆ ತೆಳುವಾಗಿರುತ್ತದೆ, ಬೆರಳುಗಳ ಹಿಡಿತ ಮೊದಲಿನಂತೆ ಇರುವುದಿಲ್ಲ. ಈ ಎರಡು ಗೆರೆಗಳು ಎಲ್ಲೋ ಒಂದು ಕಡೆ ಒಂದನ್ನೊಂದು ದಾಟುತ್ತವೆ. ದಾಟಿದ ದಿನ ಯಾವುದೆಂಬುದು ಬಹಳ ಮಂದಿಗೆ ಗೊತ್ತೇ ಆಗುವುದಿಲ್ಲ.

ವಯಸ್ಸಾಯಿತು, ಕಾಯಿಲೆ ಬಂತು ಎಂದು ಈ ಹವ್ಯಾಸವನ್ನು ಬಿಡುವವರು ಹೊರಗಿನವರು ಊಹಿಸುವಷ್ಟು ಇಲ್ಲ. ನಲವತ್ತು ದಾಟಿದ ಜಿಗಿತಗಾರರಿಗಾಗಿಯೇ 'ಪಾಪ್ಸ್' ಎಂಬ ಸಂಘವೊಂದು 1966ರಲ್ಲಿ ಅಮೆರಿಕದಲ್ಲಿ ಹುಟ್ಟಿತು. ಮುಂದೆ ಅರುವತ್ತು, ಎಪ್ಪತ್ತು, ಎಂಬತ್ತು ದಾಟಿದವರಿಗೂ ಬೇರೆ ಬೇರೆ ಬಳಗಗಳಾದವು. ಕೈಕಾಲು ಕಳೆದುಕೊಂಡವರೂ ಜಿಗಿಯುತ್ತಾರೆ. ಹಾಗಾಗಿ ಇವರಲ್ಲಿ ಯಾರಿಗೇ ಆಗಲಿ 'ಇನ್ನು ಸಾಕು, ಬಿಟ್ಟುಬಿಡಿ' ಎನ್ನುವುದು ಸುಲಭದ ಉತ್ತರವಾಯಿತೇ ಹೊರತು ಉಪಯೋಗದ ಉತ್ತರವಾಗಲಿಲ್ಲ. ವೈದ್ಯರ ಬಳಿ ಹೋಗಿ 'ಜಿಗಿಯಬಹುದೇ?' ಎಂದು ಕೇಳುವುದು ಒಂದು ಕೆಲಸ, ಅಂಗಡಿಗೆ ಹೋಗಿ ಪ್ಯಾರಾಚೂಟ್ ಆರಿಸುವುದು ಇನ್ನೊಂದು ಕೆಲಸ ಎಂದು ನಾವು ಎರಡನ್ನೂ ಬೇರೆ ಬೇರೆ ಇಟ್ಟಿದ್ದೇವೆ. ನನ್ನ ಮಟ್ಟಿಗೆ ಇವೆರಡೂ ಒಂದೇ ಪ್ರಶ್ನೆ. ಜಿಗಿತದ ಯಾವ ಕ್ಷಣದಲ್ಲಿ ಈ ಕಾಯಿಲೆ ಎದುರಾಗುತ್ತದೆ, ಆ ಕ್ಷಣದ ಭಾರವನ್ನು ಯಾವುದಾದರೂ ಉಪಕರಣ ಹೊತ್ತುಕೊಳ್ಳಬಲ್ಲುದೇ ಎಂದು ಕೇಳಿಕೊಂಡರೆ ಉತ್ತರ ತಾನಾಗಿಯೇ ಸ್ಪಷ್ಟವಾಗುತ್ತ ಹೋಗುತ್ತದೆ.

ಮೊದಲು ಏರುವ ಮತ್ತು ಬೀಳುವ ಹಂತ. ಸಾಮಾನ್ಯವಾಗಿ ವಿಮಾನ ಸುಮಾರು 4,000 ಮೀಟರ್ ಎತ್ತರಕ್ಕೆ ಏರುತ್ತದೆ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇಕಡ 60ರಷ್ಟು ಮಾತ್ರ. ಉಷ್ಣತೆಯೂ ನೆಲಕ್ಕಿಂತ ಸುಮಾರು 25 ಡಿಗ್ರಿ ಕಡಿಮೆ. ಆರೋಗ್ಯವಂತರಿಗೆ ಕೆಲವು ನಿಮಿಷಗಳ ಮಟ್ಟಿಗೆ ಇದು ಲೆಕ್ಕಕ್ಕಿಲ್ಲ. ರಕ್ತಹೀನತೆ, ಶ್ವಾಸಕೋಶದ ತೊಂದರೆ ಅಥವಾ ಹೃದಯದ ರಕ್ತನಾಳಗಳ ಕಾಯಿಲೆ ಇದ್ದವರಿಗೆ ಲೆಕ್ಕಕ್ಕಿದೆ, ಏಕೆಂದರೆ ಆಮ್ಲಜನಕ ಕಡಿಮೆಯಿರುವ ಆ ಹೊತ್ತಿನಲ್ಲಿಯೇ ಭಯ ಮತ್ತು ಉತ್ಸಾಹದ ಅಡ್ರಿನಲಿನ್ ಸುರಿದು ಹೃದಯಬಡಿತ ನಿಮಿಷಕ್ಕೆ 150ನ್ನು ದಾಟಬಹುದು. ಹೊಟ್ಟೆ ಕೆಳಗಾಗಿ ಬೀಳುವ ದೇಹ ಸುಮಾರು ಹತ್ತು ಸೆಕೆಂಡುಗಳಲ್ಲಿ ಗಂಟೆಗೆ 190 ಕಿಲೋಮೀಟರ್ ವೇಗ ಪಡೆದು, ಒಂದು ನಿಮಿಷದೊಳಗೆ 1,200 ಮೀಟರ್ ಎತ್ತರಕ್ಕೆ ಬಂದಿರುತ್ತದೆ. ಆ ಒಂದು ನಿಮಿಷದಲ್ಲಿ ಹೊರಗಿನ ಒತ್ತಡ ಶೇಕಡ 40ರಷ್ಟು ಹೆಚ್ಚುತ್ತದೆ. ನೆಗಡಿಯಿಂದ ಮೂಗು ಕಟ್ಟಿ, ಗಂಟಲನ್ನೂ ಮಧ್ಯಕಿವಿಯನ್ನೂ ಜೋಡಿಸುವ ನಾಳ ಊದಿಕೊಂಡಿದ್ದರೆ ಕಿವಿಯ ತಮಟೆ ಒಳಕ್ಕೆ ಎಳೆದುಕೊಂಡು ಹರಿಯಲೂಬಹುದು. ಇದಕ್ಕೆ ಯಾವ ಸಲಕರಣೆಯೂ ಇಲ್ಲ. ನೆಗಡಿ ಬಿಡುವವರೆಗೆ ನೆಲದ ಮೇಲಿರುವುದೊಂದೇ ದಾರಿ.

ಕತ್ತು ಮತ್ತು ಬೆನ್ನು ನೋವಿನವರಿಗೆ ನಿಜವಾದ ಪರೀಕ್ಷೆ ಪ್ಯಾರಾಚೂಟ್ ಬಿಚ್ಚಿಕೊಳ್ಳುವ ಕ್ಷಣ. ಇಲ್ಲಿ ಒಂದು ಚಿಕ್ಕ ಲೆಕ್ಕ ಹಾಕಿ ನೋಡೋಣ. ಸೆಕೆಂಡಿಗೆ 53 ಮೀಟರ್ ವೇಗದಲ್ಲಿ ಬೀಳುತ್ತಿರುವ ದೇಹದ ವೇಗ 5 ಮೀಟರಿಗೆ ಇಳಿಯಬೇಕು. ಇದು ಮೂರು ಸೆಕೆಂಡುಗಳಲ್ಲಿ ಆದರೆ, ಗುರುತ್ವವನ್ನೂ ಸೇರಿಸಿ, ದೇಹಕ್ಕೆ ತನ್ನ ತೂಕದ ಸುಮಾರು ಎರಡೂವರೆ ಪಟ್ಟು ಎಳೆತ ಸರಾಸರಿಯಾಗಿ ಅನುಭವಕ್ಕೆ ಬರುತ್ತದೆ. ಒಂದೇ ಸೆಕೆಂಡಿನಲ್ಲಿ ಆದರೆ ಸುಮಾರು ಆರು ಪಟ್ಟು. ಅರ್ಧ ಸೆಕೆಂಡಿನಲ್ಲಿ ಆದರೆ ಹನ್ನೊಂದು ಪಟ್ಟು. ತಲೆಯ ತೂಕ ಐದು ಕಿಲೋಗ್ರಾಂ, ಹೆಲ್ಮೆಟ್ಟು ಮತ್ತು ಅದರ ಮೇಲಿನ ಕ್ಯಾಮೆರಾ ಸೇರಿ ಒಂದೂವರೆ ಕಿಲೋಗ್ರಾಂ ಎಂದು ಹಿಡಿದರೂ, ಆರು ಪಟ್ಟಿನ ಎಳೆತದಲ್ಲಿ ಕತ್ತು 39 ಕಿಲೋಗ್ರಾಂ ಹೊತ್ತಂತಾಗುತ್ತದೆ. ಆ ಕ್ಷಣದಲ್ಲಿ ತಲೆ ಪಕ್ಕಕ್ಕೆ ತಿರುಗಿದ್ದರೆ ಆ ಭಾರವೆಲ್ಲ ಒಂದೇ ಬದಿಯ ಕೀಲುಗಳ ಮೇಲೆ ಬೀಳುತ್ತದೆ.

ಕತ್ತಿನ ತೊಂದರೆ ಇರುವವರು ಹೊಸ ಪ್ಯಾರಾಚೂಟಿನ ಬಗ್ಗೆ ಮೊದಲು ವಿಚಾರಿಸಬೇಕಾದದ್ದು ಅದು ಎಷ್ಟು ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ ಎಂಬುದನ್ನು. ವೇಗ, ಬಣ್ಣಗಳೆಲ್ಲ ಆಮೇಲಿನ ಮಾತು. ದಾರಗಳ ಮೇಲೆ ಜಾರಿ ಕೆಳಗಿಳಿಯುವ ಸ್ಲೈಡರ್ ಎಂಬ ಚೌಕದ ಬಟ್ಟೆ ಈ ನಿಧಾನವನ್ನು ಸಾಧಿಸಿಕೊಡುತ್ತದೆ. ಅದು ಪ್ಯಾರಾಚೂಟ್ ಒಮ್ಮೆಲೇ ಅಗಲವಾಗದಂತೆ ತಡೆದು, ಗಾಳಿ ತುಂಬಿದಂತೆಲ್ಲ ಸ್ವಲ್ಪ ಸ್ವಲ್ಪವೇ ಬಿಟ್ಟುಕೊಡುತ್ತದೆ. ಮಡಚುವಾಗ ಸ್ಲೈಡರನ್ನು ಮೇಲಿನ ತನಕ ಎಳೆದು ಗಟ್ಟಿಯಾಗಿ ಕೂರಿಸದಿದ್ದರೆ, ದಾರಗಳ ಕಟ್ಟುಗಳನ್ನು ಹಿಡಿದಿಡುವ ರಬ್ಬರ್ ಸಡಿಲವಾಗಿದ್ದರೆ, ಎಷ್ಟೇ ಒಳ್ಳೆಯ ಪ್ಯಾರಾಚೂಟಾದರೂ ಬಡಿದ ಹಾಗೆ ಬಿಚ್ಚಿಕೊಳ್ಳಬಹುದು. ಆದ್ದರಿಂದ ಕತ್ತು ನೋವಿನವರು ಮಡಚುವ ಕೆಲಸವನ್ನು ಅವಸರದಲ್ಲಿರುವ ಇನ್ನೊಬ್ಬರಿಗೆ ವಹಿಸಬಾರದು ಎಂದು ನನಗೆ ಅನ್ನಿಸುತ್ತದೆ. ಬೀಳುವ ವೇಗವೂ ಮುಖ್ಯ. ಗಾಳಿಯ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, 190ರ ಬದಲು 240 ಕಿಲೋಮೀಟರ್ ವೇಗದಲ್ಲಿ ಬಿಚ್ಚಿದರೆ ಎಳೆತ ಒಂದೂವರೆ ಪಟ್ಟಿಗೂ ಹೆಚ್ಚಾಗುತ್ತದೆ. ತಲೆ ಕೆಳಗಾಗಿ ಬೀಳುವ ಶೈಲಿಯವರು ಬಿಚ್ಚುವ ಮೊದಲು ಮೈಯನ್ನು ಅಡ್ಡವಾಗಿ ಹರಡಿ ಕೆಲವು ಸೆಕೆಂಡು ಕಾಯಬೇಕಾದದ್ದು ಇದಕ್ಕಾಗಿಯೇ.

ಇನ್ನು ಕೈ. ಮುಖ್ಯ ಪ್ಯಾರಾಚೂಟ್ ಸರಿಯಾಗಿ ಅರಳದಿದ್ದರೆ ಬಲಗಡೆಯ ಹಿಡಿಯನ್ನು ಎಳೆದು ಅದನ್ನು ಕಳಚಬೇಕು, ಎಡಗಡೆಯ ಹಿಡಿಯನ್ನು ಎಳೆದು ಮೀಸಲು ಪ್ಯಾರಾಚೂಟನ್ನು ಬಿಚ್ಚಬೇಕು. ಕಳಚುವ ಏರ್ಪಾಡನ್ನು ಹತ್ತಿರದಿಂದ ನೋಡಿದರೆ ಸಂತೋಷವಾಗುತ್ತದೆ. ಭುಜದ ಬಳಿ ಮೂರು ಲೋಹದ ಉಂಗುರಗಳಿರುತ್ತವೆ. ದೊಡ್ಡದರೊಳಗೆ ನಡುವಿನದು ತೂರಿ ಮಡಚಿಕೊಂಡಿರುತ್ತದೆ, ಅದರೊಳಗೆ ಚಿಕ್ಕದು, ಆ ಚಿಕ್ಕದನ್ನು ಒಂದು ದಾರದ ಕುಣಿಕೆ ಹಿಡಿದಿರುತ್ತದೆ, ಕುಣಿಕೆಯೊಳಗೆ ಹಳದಿ ಹೊದಿಕೆಯ ಒಂದು ತಂತಿ. ಪ್ರತಿ ಉಂಗುರವೂ ಸನ್ನೆಯಂತೆ ವರ್ತಿಸಿ ತನ್ನ ಮೇಲಿನ ಭಾರದ ಸಣ್ಣ ಪಾಲನ್ನು ಮಾತ್ರ ಮುಂದಿನದಕ್ಕೆ ದಾಟಿಸುವುದರಿಂದ, ಇಡೀ ದೇಹ ತೂಗುತ್ತಿದ್ದರೂ ಕೊನೆಯ ತಂತಿಯನ್ನು ಒಂದು ಕೈ ಎಳೆಯಬಲ್ಲುದು. 1970ರ ದಶಕದಲ್ಲಿ ಬಿಲ್ ಬೂತ್ ರೂಪಿಸಿದ ಈ ವ್ಯವಸ್ಥೆಯಿಂದ ಬದುಕಿದವರು ಅನೇಕರು. ಆದರೆ ತಂತಿಗೆ ಧೂಳು, ಜಿಗುಟು ಅಂಟಿದರೆ ಎಳೆಯಲು ಬೇಕಾದ ಬಲ ಏರುತ್ತದೆ. ಗಟ್ಟಿ ಕೈಯವರಿಗೆ ಆ ವ್ಯತ್ಯಾಸ ತಿಳಿಯುವುದೇ ಇಲ್ಲ. ಸಂಧಿವಾತದ ಬೆರಳುಗಳಿಗೆ ಅದೇ ಎಲ್ಲವೂ ಆಗಿಬಿಡಬಹುದು.

ಮೀಸಲು ಪ್ಯಾರಾಚೂಟಿನ ಹಿಡಿಯನ್ನು ಎಳೆಯಲು 22 ಪೌಂಡಿಗಿಂತ, ಅಂದರೆ ಸುಮಾರು 10 ಕಿಲೋಗ್ರಾಂ ಭಾರಕ್ಕಿಂತ, ಹೆಚ್ಚಿನ ಬಲ ಬೇಕಾಗಬಾರದು ಎಂಬುದು ಅಮೆರಿಕದ ತಾಂತ್ರಿಕ ಮಾನದಂಡ. ಊದಿದ ಬೆರಳುಗಳಿಗೆ ಅಷ್ಟೂ ಕಷ್ಟವಾದೀತು. ಮೆತ್ತೆಯಂತಹ ಹಿಡಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿಯಬೇಕು. ಬಳೆಯಂತಹ ಹಿಡಿಯಾದರೆ ಹೆಬ್ಬೆರಳನ್ನು ತೂರಿಸಿ ಇಡೀ ತೋಳಿನಿಂದ ತಳ್ಳಬಹುದು. ನೋಡಲು ಮೆತ್ತೆಯ ಹಿಡಿ ಅಂದ, ಬೇರೆಯವರ ಕೈಗೆ ಸಿಕ್ಕಿಹಾಕಿಕೊಳ್ಳುವ ಅಪಾಯವೂ ಅದಕ್ಕೆ ಕಡಿಮೆ. ಆದರೂ ಹಿಡಿತ ಕುಂದಿದವರು ಬಳೆಯ ಹಿಡಿಯನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ಭುಜದ ಕೀಲು ಪದೇ ಪದೇ ತಪ್ಪುವವರ ಕಥೆಯೇ ಬೇರೆ. ಬೀಳುವಾಗ ಚಾಚಿದ ತೋಳನ್ನು ಗಾಳಿ ಹಿಂದಕ್ಕೆ ತಳ್ಳುತ್ತಿರುತ್ತದೆ. ಅಲ್ಲಿ ಕೀಲು ತಪ್ಪಿದರೆ ಆ ಕೈ ಹಿಡಿಯನ್ನೂ ಮುಟ್ಟಲಾರದು, ಇಳಿಯುವಾಗ ಬ್ರೇಕಿನ ದಾರವನ್ನೂ ಎಳೆಯಲಾರದು. ಅಂಥವರು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಕೀಲು ಗಟ್ಟಿಯಾದ ಮೇಲೆ ಮೊದಲು, ಕೆಳಗಿನಿಂದ ರಭಸದ ಗಾಳಿ ಬೀಸಿ ದೇಹವನ್ನು ತೇಲಿಸುವ ಗಾಳಿಸುರಂಗದಲ್ಲಿ ತೋಳನ್ನು ಪರೀಕ್ಷಿಸಿಕೊಳ್ಳಬೇಕು.

ಇಳಿಯುವ ಹಂತಕ್ಕೆ ಬಂದರೆ ಉಪಕರಣ ಮಾಡಬಲ್ಲ ಸಹಾಯ ಎಲ್ಲಕ್ಕಿಂತ ಹೆಚ್ಚು. ಇಂದಿನ ಪ್ಯಾರಾಚೂಟ್ ಗಾಳಿ ತುಂಬಿದ ಬಟ್ಟೆಯ ರೆಕ್ಕೆ. 1960ರ ದಶಕದಲ್ಲಿ ಡೊಮಿನಾ ಜಾಲ್ಬರ್ಟ್ ರೂಪಿಸಿದ ಪ್ಯಾರಾಫಾಯಿಲ್‌ನ ವಂಶದ್ದು. ಸಾಮಗ್ರಿ ಸಹಿತ ಜಿಗಿತಗಾರರ ತೂಕವನ್ನು ಪೌಂಡಿನಲ್ಲಿ ಹಿಡಿದು ರೆಕ್ಕೆಯ ಚದರ ಅಡಿಯಿಂದ ಭಾಗಿಸಿದರೆ ಸಿಗುವುದೇ ವಿಂಗ್ ಲೋಡಿಂಗ್. 190 ಪೌಂಡ್ ತೂಗುವವರು 190 ಚದರ ಅಡಿಯ ಪ್ಯಾರಾಚೂಟಿನಲ್ಲಿದ್ದರೆ ಅದು 1. 150 ಚದರ ಅಡಿಯದರಲ್ಲಿದ್ದರೆ ಸುಮಾರು 1.27. ರೆಕ್ಕೆ ಎತ್ತಿಹಿಡಿಯುವ ಬಲ ಅದರ ವಿಸ್ತಾರಕ್ಕೂ ವೇಗದ ವರ್ಗಕ್ಕೂ ಅನುಗುಣವಾದದ್ದರಿಂದ, ಹಾರುವ ವೇಗದ ವರ್ಗ ಈ ವಿಂಗ್ ಲೋಡಿಂಗ್‌ನೊಡನೆಯೇ ಏರಿಳಿಯುತ್ತದೆ. ಚಲನಶಕ್ತಿಯೂ ವೇಗದ ವರ್ಗವನ್ನೇ ಅವಲಂಬಿಸಿದೆಯಲ್ಲವೇ? ಹೀಗಾಗಿ 150ರಿಂದ 190ಕ್ಕೆ ಮರಳಿದವರ ವೇಗ ಶೇಕಡ 11ರಷ್ಟು ಮಾತ್ರ ತಗ್ಗಿದರೂ ನೆಲಕ್ಕೆ ತಾಗುವಾಗಿನ ಶಕ್ತಿ ಐದನೇ ಒಂದು ಭಾಗದಷ್ಟು ತಗ್ಗುತ್ತದೆ. ಬ್ರೇಕ್ ಎಳೆಯುವುದು ತಪ್ಪಿ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ನೆಲ ತಾಗಿದರೆ ಅದು 1.3 ಮೀಟರ್ ಎತ್ತರದಿಂದ ಹಾರಿದ್ದಕ್ಕೆ ಸಮ. 4 ಮೀಟರ್ ವೇಗವಾದರೆ 0.8 ಮೀಟರ್ ಎತ್ತರ. ಕೃತಕ ಮಂಡಿ ಹಾಕಿಸಿಕೊಂಡವರಿಗೆ, ಮೂಳೆ ಟೊಳ್ಳಾಗುವ ಆಸ್ಟಿಯೊಪೊರೋಸಿಸ್ ಇದ್ದವರಿಗೆ ಈ ಅರ್ಧ ಮೀಟರಿನ ವ್ಯತ್ಯಾಸ ಎಷ್ಟು ದೊಡ್ಡದೆಂದು ಬಿಡಿಸಿ ಹೇಳಬೇಕಾಗಿಲ್ಲ.

ದೊಡ್ಡ ಪ್ಯಾರಾಚೂಟಿಗೆ ಮರಳುವುದರಿಂದ ಕೈಗೂ ಉಪಕಾರವಿದೆ. ಸಣ್ಣ, ಚುರುಕಾದ ಪ್ಯಾರಾಚೂಟ್ ಕೆಟ್ಟರೆ ಗಿರಗಿರ ತಿರುಗಿ, ಆ ಸುತ್ತಾಟದ ಎಳೆತದಲ್ಲಿ ಕಳಚುವ ಹಿಡಿ ಇನ್ನಷ್ಟು ಬಿಗಿಯಾಗುತ್ತದೆ. ದೊಡ್ಡ ಸೌಮ್ಯ ಪ್ಯಾರಾಚೂಟ್ ಅಷ್ಟು ರಭಸದಿಂದ ತಿರುಗುವುದಿಲ್ಲ. ನಷ್ಟವೂ ಇಲ್ಲದಿಲ್ಲ. ಜೋರು ಗಾಳಿಯಲ್ಲಿ ದೊಡ್ಡ ರೆಕ್ಕೆ ಮುಂದಕ್ಕೆ ಸಾಗಲಾರದೆ ಹಿಂದಕ್ಕೆ ತೇಲಬಹುದು, ಇಳಿದ ಮೇಲೆ ಎಳೆದಾಡಬಹುದು. ಹಾಗಾಗಿ ಅದನ್ನು ಆರಿಸಿಕೊಂಡವರು ಗಾಳಿ ಹೆಚ್ಚಿದ ದಿನ ಕುಳಿತು ನೋಡುವ ತಾಳ್ಮೆಯನ್ನೂ ಜೊತೆಗೆ ಆರಿಸಿಕೊಂಡಿರಬೇಕು.

ಮೀಸಲು ಪ್ಯಾರಾಚೂಟಿನ ಅಳತೆಯ ಬಗ್ಗೆ ಬಹಳ ಮಂದಿ ಯೋಚಿಸುವುದೇ ಇಲ್ಲ ಎಂಬುದು ನನ್ನನ್ನು ತುಂಬ ಕಾಡುವ ಸಂಗತಿ. ಬೆನ್ನಿನ ಚೀಲ ತೆಳ್ಳಗೆ ಅಂದವಾಗಿರಬೇಕೆಂಬ ಆಸೆಯಿಂದ ಅದರೊಳಗೆ ಹಿಡಿಸುವಷ್ಟೇ ಸಣ್ಣ ಮೀಸಲನ್ನು ಇಟ್ಟುಕೊಳ್ಳುತ್ತಾರೆ. ಆದರೆ ಅದು ಕೆಲಸಕ್ಕೆ ಬರುವ ಸಂದರ್ಭವನ್ನು ಕಣ್ಣಮುಂದೆ ತಂದುಕೊಳ್ಳಿ. ಜರ್ಮನಿಯಲ್ಲಿ ತಯಾರಾಗಿ 1991ರಲ್ಲಿ ಬಳಕೆಗೆ ಬಂದ ಸೈಪ್ರೆಸ್‌ನಂತಹ ಸ್ವಯಂಚಾಲಿತ ಸಾಧನ ಗಾಳಿಯ ಒತ್ತಡದಿಂದ ಎತ್ತರವನ್ನೂ ವೇಗವನ್ನೂ ಅಳೆಯುತ್ತಿರುತ್ತದೆ. ಅನುಭವಿಗಳ ಮಾದರಿಯಲ್ಲಿ, ಸುಮಾರು 225 ಮೀಟರ್ ಎತ್ತರದಲ್ಲಿಯೂ ದೇಹ ಸೆಕೆಂಡಿಗೆ 35 ಮೀಟರಿಗಿಂತ ವೇಗವಾಗಿ ಬೀಳುತ್ತಿದ್ದರೆ ಅದೊಂದು ಪುಟ್ಟ ಕತ್ತರಿಯನ್ನು ಸಿಡಿಸಿ ಮೀಸಲಿನ ಕುಣಿಕೆಯನ್ನು ತುಂಡರಿಸುತ್ತದೆ. ಪ್ರಜ್ಞೆ ತಪ್ಪಿದ ವ್ಯಕ್ತಿಯ ಮೇಲೆ ಪ್ಯಾರಾಚೂಟ್ ಅರಳುತ್ತದೆ, ನಿಜ. ಆದರೆ ಅದನ್ನು ನಡೆಸುವವರು ಯಾರೂ ಇಲ್ಲ, ನೆಲದ ಬಳಿ ಬ್ರೇಕ್ ಎಳೆಯುವವರೂ ಇಲ್ಲ. ಆ ದೇಹ ಹೇಗೆ ನೆಲ ಮುಟ್ಟುತ್ತದೆ ಎಂಬುದನ್ನು ನಿರ್ಧರಿಸುವುದರಲ್ಲಿ ಆ ಬಟ್ಟೆಯ ವಿಸ್ತಾರದ ಪಾಲೇ ದೊಡ್ಡದು.

ಮೂರ್ಛೆರೋಗ, ಇದ್ದಕ್ಕಿದ್ದಂತೆ ಕಣ್ಣು ಕತ್ತಲಿಡುವಂತೆ ಮಾಡುವ ಹೃದಯಬಡಿತದ ಏರುಪೇರು, ಹತೋಟಿಗೆ ಬಾರದ ಸಕ್ಕರೆ ಕಾಯಿಲೆ ಇವು ಇರುವವರು ಈ ಸಾಧನವನ್ನು ನಂಬಿ ಒಬ್ಬರೇ ಜಿಗಿಯಬಹುದೇ ಎಂದು ಕೇಳಿದರೆ, ಕೂಡದು ಎಂದೇ ಹೇಳುತ್ತೇನೆ. ಮುಖ್ಯ ಪ್ಯಾರಾಚೂಟ್ ಬಿಚ್ಚಿದ ಮೇಲೆ ಪ್ರಜ್ಞೆ ತಪ್ಪಿದರೆ ಇಳಿಯುವ ವೇಗ ಕಡಿಮೆಯಿರುವುದರಿಂದ ಸಾಧನ ಏನನ್ನೂ ಮಾಡುವುದಿಲ್ಲ. ಕೆಳಗೆ ಅದೇ ಗಾಳಿಯಲ್ಲಿ ಇಳಿಯುತ್ತಿರುವ ಇತರರಿಗೂ ಆ ಅಪಾಯ ಹಂಚಿಹೋಗುತ್ತದೆ. ನಿದ್ದೆ ಬರಿಸುವ ಔಷಧ ಸೇವಿಸುತ್ತಿರುವವರ ಮಾತೂ ಇದೇ. ರಕ್ತ ತೆಳುವಾಗಿಸುವ ಔಷಧದವರು ಜಿಗಿಯುವ ಮೊದಲು ತಮ್ಮ ವೈದ್ಯರೊಡನೆ ಬಿದ್ದು ಪೆಟ್ಟಾಗುವ ಸಾಧ್ಯತೆಯ ಬಗ್ಗೆಯೇ ಮಾತಾಡಬೇಕು.

ಅಂಥವರಿಗೆ ಆಕಾಶ ಪೂರ್ತಿ ಮುಚ್ಚಿಹೋಗಿದೆ ಎಂದಲ್ಲ. ಅಮೆರಿಕದ ಮಾಜಿ ಅಧ್ಯಕ್ಷ ಜಾರ್ಜ್ ಎಚ್. ಡಬ್ಲ್ಯು. ಬುಷ್ 2014ರಲ್ಲಿ, ತಮ್ಮ 90ನೆಯ ಹುಟ್ಟುಹಬ್ಬದಂದು, ನಡೆಯಲಾಗದ ಸ್ಥಿತಿಯಲ್ಲಿ ಜಿಗಿದರು. ಪರಿಣತರೊಬ್ಬರ ಎದೆಗೆ ಕಟ್ಟಿಕೊಂಡು ಇಳಿಯುವ ಟ್ಯಾಂಡಮ್ ಜಿಗಿತ ಅದು. ಅಲ್ಲಿ ಹಿಡಿ ಎಳೆಯುವ, ದಿಕ್ಕು ನೋಡುವ, ಬ್ರೇಕ್ ಹಾಕುವ ಹೊಣೆಯೆಲ್ಲ ಇನ್ನೊಬ್ಬರದು, ಆದ್ದರಿಂದಲೇ ಆ ಇನ್ನೊಬ್ಬರ ಆರೋಗ್ಯಕ್ಕೆ ನಿಯಮಗಳು ಹೆಚ್ಚು ಬಿಗಿ. ಆದರೂ ಹೃದಯ ದುರ್ಬಲವಾಗಿದ್ದವರು ಅದಕ್ಕೂ ವೈದ್ಯರನ್ನು ಕೇಳಿಯೇ ಹೋಗಬೇಕು.

ಕಾಯಿಲೆ ಅಥವಾ ಶಸ್ತ್ರಚಿಕಿತ್ಸೆಯ ನಂತರ ಒಬ್ಬರೇ ಜಿಗಿಯಲು ಮರಳುವವರು ಮೊದಲ ದಿನ ವಿಮಾನ ಹತ್ತುವ ಅಗತ್ಯವಿಲ್ಲ. ಮೀಸಲನ್ನು ಮರುಮಡಚುವ ಕಾಲ ಬಂದಾಗ ರಿಗ್ಗರ್, ಅಂದರೆ ಪ್ಯಾರಾಚೂಟ್ ಮಡಚಿ ದುರಸ್ತಿ ಮಾಡುವ ತಜ್ಞರ, ಬಳಿ ಹೋಗಿ, ಅವರ ಕಣ್ಣೆದುರಿಗೇ ಚೀಲ ತೊಟ್ಟು, ಪಟ್ಟಿಗಳನ್ನು ಬಿಗಿದು, ಎರಡೂ ಹಿಡಿಗಳನ್ನು ತಾವೇ ಎಳೆಯಬಹುದು. ಹೇಗೂ ಅದನ್ನು ಬಿಚ್ಚಿ ಮತ್ತೆ ಮಡಚಬೇಕಾದ ದಿನವದು, ನಷ್ಟವಿಲ್ಲ. ಒಂದೇ ಎಳೆತಕ್ಕೆ ಹಿಡಿ ಬಂದಿತೇ, ಎರಡನೆಯ ಕೈ ಬೇಕಾಯಿತೇ, ಎಳೆದ ಮೇಲೆ ಭುಜ ನೋಯಿತೇ ಎಂಬುದನ್ನು ರಿಗ್ಗರ್ ಪಕ್ಕದಲ್ಲೇ ನಿಂತು ನೋಡಿರುತ್ತಾರೆ. ಹಿಡಿ ಬದಲಿಸಬೇಕೇ, ಚೀಲವನ್ನೇ ಬದಲಿಸಿ ದೊಡ್ಡ ಮೀಸಲಿಗೆ ಜಾಗ ಮಾಡಿಕೊಳ್ಳಬೇಕೇ ಎಂಬ ಮಾತನ್ನು ಆ ನೆಲದ ಮೇಲೆ, ಆ ಬಿಚ್ಚಿದ ಬಟ್ಟೆಯ ಪಕ್ಕದಲ್ಲಿ ಕುಳಿತೇ ಶುರುಮಾಡಬಹುದು.