ಒಂದೊಂದು ದೇಶಕ್ಕೆ ಎಷ್ಟು ನಿಮಿಷ? ಸೊನ್ನೆ

ಪ್ರಶ್ನೆ: ನಮ್ಮ ಕಂಪನಿಯ 14 ದೇಶಗಳ 42 ಮ್ಯಾನೇಜರುಗಳು ಮೂರು ದಿನದ ಸಭೆಗೆ ಬೆಂಗಳೂರಿಗೆ ಬರುತ್ತಿದ್ದಾರೆ. ಮುಂದಿನ ವರ್ಷದ ಸ್ಟ್ರಾಟಜಿ ತಿಳಿಸಬೇಕು, ಒಬ್ಬರ ಅನುಭವ ಇನ್ನೊಬ್ಬರಿಗೆ ಸಿಗಬೇಕು. ಒಂದೊಂದು ದೇಶಕ್ಕೂ ಪ್ರೆಸೆಂಟೇಶನ್‌ಗೆ ಎಷ್ಟು ನಿಮಿಷ ಕೊಡೋಣ?

ಸೊನ್ನೆ. ಈ ಪ್ರಶ್ನೆ 9 ದೇಶವಾಗಿ ಬಂದಿದೆ, 20 ದೇಶವಾಗಿಯೂ ಬಂದಿದೆ. ಉತ್ತರ ಮಾತ್ರ ಅದೇ.

ಎಲ್ಲರೂ ಸರದಿಯಂತೆ ತಮ್ಮ ಕೆಲಸದ ಬಗ್ಗೆ ಹೇಳಿಬಿಟ್ಟರೆ ಎಲ್ಲರೂ ಕಲಿತ ಹಾಗಾಯಿತು ಎಂಬ ನಂಬಿಕೆ ಹೋಗುವುದೇ ಇಲ್ಲ. ಲೆಕ್ಕ ಹಾಕಿ. ತಲಾ 30 ನಿಮಿಷವೆಂದರೆ 7 ಗಂಟೆ. ಪ್ರತಿಯೊಬ್ಬರೂ 10 ನಿಮಿಷ ಎಳೆದೇ ಎಳೆಯುತ್ತಾರೆ, 9 ಗಂಟೆ 20 ನಿಮಿಷವಾಯಿತು. ಟೀ, ಊಟ ಸೇರಿಸಿದರೆ ಒಂದೂವರೆ ದಿನ ಹೋಯಿತು. ಹಾಲ್‌ನ ಹಿಂದಿನ ಸಾಲಿನಲ್ಲಿ ನಿಂತು ಲ್ಯಾಪ್‌ಟಾಪ್‌ಗಳ ಕಡೆ ಕಣ್ಣುಹಾಯಿಸಿ: ಸರದಿ ಬರಬೇಕಾದವರು ತಮ್ಮ ಸ್ಲೈಡ್ ತಿದ್ದುತ್ತಿರುತ್ತಾರೆ, ಸರದಿ ಮುಗಿದವರು ಮೇಲ್ ನೋಡುತ್ತಿರುತ್ತಾರೆ. ಕೇಳುತ್ತಿರುವವರು ಮುಂದೆ ಕೂತ ಸಿಇಒ ಒಬ್ಬರೇ, ಅವರಿಗೆ ಈ ಅಂಕಿಗಳೆಲ್ಲ ಮೊದಲೇ ಗೊತ್ತು.

ಸಿಇಒ ಎದುರು ಯಾರೂ ಸೋತದ್ದನ್ನು ಹೇಳುವುದಿಲ್ಲ ಎಂಬುದು ಇನ್ನೂ ದೊಡ್ಡ ತೊಡಕು. ಪೋಲೆಂಡಿನವರು ಡೆಲಿವರಿ ಬೇಗವಾದದ್ದನ್ನು ತೋರಿಸುತ್ತಾರೆ. ಅದಕ್ಕೆ ಮುಂಚೆ ಎರಡು ಸಾಫ್ಟ್‌ವೇರ್ ತಂದು ಕೈಬಿಟ್ಟದ್ದು ಸ್ಲೈಡಿನಲ್ಲಿ ಇರುವುದಿಲ್ಲ. ಬ್ರೆಜಿಲ್‌ನವರಿಗೆ ಬೇಕಾದದ್ದು ಅದೇ, ಏಕೆಂದರೆ ಅವರು ಅದೇ ಸಾಫ್ಟ್‌ವೇರ್ ಕೊಳ್ಳಲು ಹೊರಟಿದ್ದಾರೆ. ಅದೂ ಅಲ್ಲದೆ, ಪ್ರಶ್ನೆಯೇ ಇಲ್ಲದವರ ಕಿವಿಗೆ ಉತ್ತರ ತುಂಬಿದರೆ ನಿಲ್ಲುವುದಿಲ್ಲ.

‘ಮಾತಾಡಲು ಬಿಡದಿದ್ದರೆ ಅವರಿಗೆ ಬೇಜಾರಾಗುತ್ತದಲ್ಲ ಸಾರ್?’ ಆಗಲಿ ಬಿಡಿ. ಎರಡು ಪುಟ ಬರೆದು ಹತ್ತು ದಿನ ಮುಂಚೆ ಕಳಿಸಲು ಹೇಳಿ. ಒಂದು ಪುಟದಲ್ಲಿ ಏನು ಮಾಡಿದೆವು, ಏನು ಕೆಟ್ಟಿತು. ಇನ್ನೊಂದರಲ್ಲಿ ಈಗ ಬಿಡಿಸಲಾಗದೆ ಒದ್ದಾಡುತ್ತಿರುವ ಒಂದೇ ಒಂದು ಸಮಸ್ಯೆ. ಯಾರೂ ಓದಿಕೊಂಡು ಬರುವುದಿಲ್ಲ, ಅದು ಗೊತ್ತಿರುವ ವಿಷಯ. ಅದಕ್ಕೇ ಹಾಲ್‌ನಲ್ಲೇ ಮೊದಲ 40 ನಿಮಿಷ ಮೌನವಾಗಿ ಓದಿಸಿ. ಅಮೆಜಾನ್‌ನಲ್ಲಿ 2004ರಲ್ಲಿ ಹಿರಿಯರ ಸಭೆಗಳಿಂದ ಪವರ್‌ಪಾಯಿಂಟ್ ತೆಗೆದುಹಾಕಿ, ಬರೆದದ್ದನ್ನು ಕೂತು ಓದುವ ರೂಢಿ ತಂದರು. ಕಂಪನಿಗೆ ಏನೂ ತೊಂದರೆಯಾಗಲಿಲ್ಲ.

ಆಮೇಲೆ ಏನು? 1990ರ ದಶಕದಲ್ಲಿ ಬಿಪಿ ತೈಲ ಕಂಪನಿಯವರು ‘ಪಿಯರ್ ಅಸಿಸ್ಟ್’ ಎಂದು ನಡೆಸಿದ ಕ್ರಮ ಇದೆ. ಕೆಲಸಕ್ಕೆ ಕೈಹಾಕುವ ಮುಂಚೆ, ಅಂಥದ್ದನ್ನೇ ಮಾಡಿರುವ ಬೇರೆ ಘಟಕದವರನ್ನು ಕರೆಸಿ ಕೇಳುವುದು, ಅಷ್ಟೇ. ನಿಮ್ಮ ಲೆಕ್ಕಕ್ಕೆ 6 ಮೇಜು, ಮೇಜಿಗೆ 7 ಜನ, ಒಂದು ಸುತ್ತಿಗೆ ಮೇಜಿಗೊಂದು ಸಮಸ್ಯೆ, ಒಂದು ಸುತ್ತು 90 ನಿಮಿಷ. ಸಮಸ್ಯೆ ಇರುವವರು 10 ನಿಮಿಷ ಹೇಳಲಿ. ಮುಂದಿನ 15 ನಿಮಿಷ ಬರೀ ಪ್ರಶ್ನೆ, ಸಲಹೆ ಕೂಡದು. 45 ನಿಮಿಷ ಸಲಹೆ. ಆಗ ಸಮಸ್ಯೆಯವರು ಬಾಯಿ ಬಿಡದೆ ಬರೆದುಕೊಳ್ಳಬೇಕು. ಈ ನಿಯಮ ಮುರಿದರೆ ‘ನಮ್ಮ ದೇಶದಲ್ಲಿ ಹಾಗೆ ನಡೆಯಲ್ಲ’ ಎಂಬ ವಾದದಲ್ಲೇ ಸಮಯ ಕಳೆದುಹೋಗುತ್ತದೆ. ಕೊನೆಯ 20 ನಿಮಿಷ: ಏನು ಮಾಡುತ್ತೇನೆ, ಯಾವ ತಾರೀಖಿನೊಳಗೆ. ಮೂರು ಸುತ್ತಿಗೆ 14 ಸಮಸ್ಯೆಯೂ ಮುಗಿಯುತ್ತದೆ, ನಾಲ್ಕೂವರೆ ಗಂಟೆಯಲ್ಲಿ.

ಸಲಹೆಯ ಹೊತ್ತಿಗೆ ಮೊದಲ ಐದು ನಿಮಿಷ ಎಲ್ಲರೂ ಚೀಟಿಯಲ್ಲಿ ಬರೆಯಲಿ. ಇಂಗ್ಲಿಷ್ ಸರಾಗವಾಗಿ ಬರುವವರು ಮಾತಿಗಿಳಿದರೆ ಉಳಿದವರು ವಾಕ್ಯ ಕಟ್ಟಿಕೊಳ್ಳುವಷ್ಟರಲ್ಲಿ ವಿಷಯವೇ ಬದಲಾಗಿರುತ್ತದೆ. ವೇಗವಾಗಿ ಇಂಗ್ಲಿಷ್ ಮಾತಾಡುವುದರಲ್ಲಿ ನಮ್ಮವರೂ ಏನು ಕಮ್ಮಿ ಇಲ್ಲ.

ಸ್ಟ್ರಾಟಜಿಗೆ 40 ನಿಮಿಷದ ಭಾಷಣ ಸಾಕು. ಮುಗಿದ ಕೂಡಲೇ ಕಾರ್ಡ್ ಹಂಚಿ, ‘ಮುಂದಿನ ವರ್ಷದ ಮೂರು ಮುಖ್ಯ ಕೆಲಸ ಯಾವುವು, ಇದಕ್ಕಾಗಿ ನೀವು ಯಾವ ಕೆಲಸ ನಿಲ್ಲಿಸುತ್ತೀರಿ’ ಎಂದು ಬರೆಸಿ. 42 ಕಾರ್ಡನ್ನೂ ಗೋಡೆಗೆ ಅಂಟಿಸಿ. ಒಂದಕ್ಕೊಂದು ಹೊಂದುವುದಿಲ್ಲ. ಹೊಂದದಿರುವ ಕಡೆಯಿಂದಲೇ ಚರ್ಚೆ ಶುರುಮಾಡಿ.

ಹಾಲ್ ವಿಷಯ: 5 ಅಡಿಯ ದುಂಡು ಮೇಜು ಕೇಳಿ. ಹೋಟೆಲಿನ ಬ್ಯಾಂಕ್ವೆಟ್‌ನವರು 6 ಅಡಿಯದಕ್ಕೆ 10 ಕುರ್ಚಿ ಹಾಕುತ್ತೇವೆ ಅನ್ನುತ್ತಾರೆ. ಅದು ಊಟದ ಲೆಕ್ಕ. ಆರು ಮೇಜುಗಳ ಗದ್ದಲದಲ್ಲಿ ಎದುರಿನವರ ಮಾತು ಕೇಳುವುದಿಲ್ಲ. ಸಾಲು ಕುರ್ಚಿ ಹಾಕಿದರೆ 100 ಜನ ಹಿಡಿಸುವ ಹಾಲ್ ನಿಮ್ಮ 42 ಜನಕ್ಕೆ ಸರಿಹೋಗುತ್ತದೆ. ಕಷ್ಟದ ಚರ್ಚೆಯನ್ನು ಬೆಳಿಗ್ಗೆಯೇ ಇಡಿ. ನಮ್ಮ ಮಧ್ಯಾಹ್ನ 3 ಗಂಟೆಗೆ ಕ್ಯಾಲಿಫೋರ್ನಿಯಾದವರ ದೇಹಕ್ಕೆ ಬೆಳಗಿನ ಜಾವ, ಚಳಿಗಾಲವಾದರೆ 1.30, ಇಲ್ಲದಿದ್ದರೆ 2.30. ರಾತ್ರಿ 9ಕ್ಕೆ ಊಟವಿಟ್ಟರೆ ಟೋಕಿಯೊದವರಿಗೆ 12.30. ಊಟ 7ಕ್ಕೇ ಇಡಿ. ವೈಟ್‌ಫೀಲ್ಡಿನ ಹೋಟೆಲಿನಿಂದ ಎಂ.ಜಿ. ರಸ್ತೆಗೆ ಕರೆದೊಯ್ಯುವುದಾದರೆ ಬಸ್ ಬೇಡ, ನೇರಳೆ ಮಾರ್ಗದ ಮೆಟ್ರೊ ಇದೆ.

ನೀವು ಕೇಳಿಲ್ಲ, ಆದರೂ ಹೇಳಬೇಕು. ಇಂಥ ಸಭೆಗಳಲ್ಲಿ ಬೆಂಗಳೂರು ತಂಡದ್ದು ಹೆಣ್ಣಿನ ಕಡೆಯವರ ಪಾಡು. ಬಾಗಿಲಲ್ಲಿ ಮೈಸೂರು ಪೇಟ ಹಿಡಿದು ನಿಲ್ಲುವವರು, ದೇವನಹಳ್ಳಿಯಲ್ಲಿ ಯಾವ ಟರ್ಮಿನಲ್ ಎಂದು ಡ್ರೈವರಿಗೆ ಫೋನ್ ಮಾಡುವವರು, ಸಸ್ಯಾಹಾರದ ಬೋರ್ಡ್ ಎಲ್ಲಿ ಹೋಯಿತು ಎಂದು ಹುಡುಕುವವರು, ಎಲ್ಲ ನಮ್ಮ ಮ್ಯಾನೇಜರುಗಳೇ. ಮೇಜಿನಲ್ಲಿ ಅವರ ಕುರ್ಚಿ ಮಾತ್ರ ಖಾಲಿ. ಎಲ್ಲ ದೇಶದವರ ಕೆಲಸವನ್ನೂ ಹತ್ತಿರದಿಂದ ಬಲ್ಲವರು ಬಹಳ ಕಡೆ ಇವರೇ ಆಗಿರುತ್ತಾರೆ. ಕ್ಯಾಬ್, ರೂಮು, ಊಟ ಮೂರನ್ನೂ ಈವೆಂಟ್‌ನವರಿಗೆ ಒಪ್ಪಿಸಿ, ಅತಿಥಿಗಳಿಗೆ ಅವರ ನಂಬರನ್ನೇ ಕೊಡಿ. ಆಹ್ವಾನ ಪತ್ರವನ್ನು ಎಚ್‌ಆರ್‌ ಬೇಗ ಕಳಿಸಲಿ, ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದಹಾಗೇ ಇರಲಿ. ಟೂರಿಸ್ಟ್ ವೀಸಾದಲ್ಲಿ ಬರುತ್ತೇನೆ ಅಂದವರಿಗೆ ಬೇಡವೆಂದೇ ಬರೆಯಿರಿ. ಮತ್ತು ಮೊದಲ ಸುತ್ತಿನ ಆರು ಸಮಸ್ಯೆಗಳಲ್ಲಿ ಒಂದು ಬೆಂಗಳೂರಿನದೇ ಇರಲಿ. ಮೂರನೇ ಸುತ್ತಿಗೆ ಬಿಟ್ಟರೆ ಅರ್ಧ ಜನ ಏರ್‌ಪೋರ್ಟಿಗೆ ಹೊರಟಿರುತ್ತಾರೆ.